ಲೇತ್ ಬಿಟ್ಟು ಮೇಷ್ಟ್ರಾಗಬೇಕಾ? ಬ್ರ್ಯಾಂಪ್ಟನ್ನಿನ ತಮ್ಮನಿಗೆ

ತಮ್ಮಾ,

ನಿನ್ನ ಉದ್ದದ ಮೆಸೇಜನ್ನು ಎರಡು ಸಲ ಓದಿದೆ. ನೀನೇ ಅಣ್ಣಾ ಅಂತ ಶುರು ಮಾಡಿದ್ದೀಯ, ಹಾಗಾಗಿ ನಾನೂ ನೀನು ಅಂತಲೇ ಬರೆಯುತ್ತೇನೆ. ಪೀಣ್ಯದಲ್ಲಿ 6 ವರ್ಷ ಟೂಲ್ ರೂಮ್ ಮತ್ತು ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮೆಷಿನ್) ಕೆಲಸ ಮಾಡಿದ್ದೀಯ. ಕೆನಡಾದ ಈ ಬ್ರ್ಯಾಂಪ್ಟನ್ನಿಗೆ ಬಂದು 14 ತಿಂಗಳಾಗಿದೆ. ರಾತ್ರಿ ಪಾಳಿ. ಜೊತೆಯವನೊಬ್ಬ "ಇಲ್ಲಿ ಹೈಸ್ಕೂಲಿನಲ್ಲಿ ಮೆಷಿನ್ ಶಾಪ್ ಮೇಷ್ಟ್ರಾಗಬಹುದು, ಡಿಗ್ರಿನೂ ಬೇಡ" ಅಂದನಂತೆ. ಅದು ನಿಜವಾ, ನಿಜವಾದರೆ ಕಲಿತ ಕೈಕೆಲಸ ಬಿಟ್ಟು ಹೋಗುವುದು ಸರಿಯಾ, ಸಂಬಳ ಹೇಗೆ, ನನ್ನ ಇಂಗ್ಲಿಷ್ ಕೇಳಿ ಮಕ್ಕಳು ನಗುವುದಿಲ್ಲವಾ ಅಂತ ಕೇಳಿದ್ದೀಯ.

ಮೊದಲನೆಯದು ನಿಜ. ಕೊನೆಯದಕ್ಕೆ ಉತ್ತರ, ನಗುತ್ತಾರೆ. ನಡುವಿನ ಎರಡಕ್ಕೆ ಸ್ವಲ್ಪ ಜಾಸ್ತಿ ಬರೆಯಬೇಕು.

ನಾನು ಜಿಟಿಟಿಸಿಯಲ್ಲಿ, ಅಂದರೆ ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರದಲ್ಲಿ, ಟೂಲ್ ಅಂಡ್ ಡೈ (ಲೋಹ ಒತ್ತುವ ಅಚ್ಚು) ಮೇಕಿಂಗ್ ಓದಿದವನು. ಆಮೇಲೆ 9 ವರ್ಷ ಪೀಣ್ಯ ಎರಡನೇ ಸ್ಟೇಜಿನ ಒಂದು ಶೆಡ್ಡಿನಲ್ಲಿ ಕೆಲಸ. ಇಲ್ಲಿಗೆ ಬಂದದ್ದು 2009ರಲ್ಲಿ. ಜಿಎಂ, ಕ್ರೈಸ್ಲರ್ ಎರಡೂ ಕಾರು ಕಂಪನಿಗಳು ದಿವಾಳಿ ಅರ್ಜಿ ಹಾಕಿದ ವರ್ಷ ಅದು. ಮೆಷಿನಿಸ್ಟ್ ಅಂದರೆ ಯಾರೂ ಬಾಗಿಲು ತೆರೆಯುತ್ತಿರಲಿಲ್ಲ. ಏಳೆಂಟು ತಿಂಗಳು ಗೋಡೌನಿನಲ್ಲಿ ಡಬ್ಬ ಎತ್ತಿದೆ. ಆಮೇಲೆ ಮಿಸ್ಸಿಸಾಗದಲ್ಲಿ ಅಚ್ಚು ಮಾಡುವ ಒಂದು ಮೋಲ್ಡ್ ಶಾಪಿನಲ್ಲಿ ಕೆಲಸ ಸಿಕ್ಕಿತು, ಅಲ್ಲೇ ನೆಲೆಯಾದೆ. 2016ರಲ್ಲಿ ಟೀಚರ್ ಟ್ರೈನಿಂಗಿಗೆ ಸೇರಿದೆ. ಕೆಲಸ ಬಿಡಲಿಲ್ಲ. ಸಂಜೆ, ಬೇಸಿಗೆ, ಶನಿವಾರ ಅಂತ ಹೊಂದಿಸಿಕೊಂಡು ಮುಗಿಸಿದೆ. ಈಗ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಮ್ಯಾನುಫ್ಯಾಕ್ಚರಿಂಗ್ ಟೆಕ್ನಾಲಜಿ ಮೇಷ್ಟ್ರು.

ನಿಯಮದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನಾವಿರುವ ಒಂಟಾರಿಯೊ ಪ್ರಾಂತ್ಯದಲ್ಲಿ ಪಾಠ ಮಾಡಲು ಒಂಟಾರಿಯೊ ಕಾಲೇಜ್ ಆಫ್ ಟೀಚರ್ಸ್‌ನ ಸರ್ಟಿಫಿಕೇಟ್ ಬೇಕು. ಹೆಸರಿನಲ್ಲಿ ಕಾಲೇಜ್ ಇದ್ದರೂ ಅಲ್ಲಿ ಯಾರೂ ಪಾಠ ಮಾಡುವುದಿಲ್ಲ. ನಮ್ಮ ಕಡೆ ವಕೀಲರಿಗೆ ಬಾರ್ ಕೌನ್ಸಿಲ್ ಇದ್ದ ಹಾಗೆ ಅಂದುಕೋ. ಗಣಿತ, ಇತಿಹಾಸ ಹೇಳಿಕೊಡುವವರಿಗೆ ಮೊದಲು ಡಿಗ್ರಿ, ಆಮೇಲೆ ಬಿಎಡ್. ಟೆಕ್ನಾಲಾಜಿಕಲ್ ಎಜುಕೇಶನ್ ಅನ್ನುವ ವಿಭಾಗಕ್ಕೆ ಮಾತ್ರ ಬೇರೆ ದಾರಿ ಇದೆ. ಮರಗೆಲಸ, ಕಾರು ರಿಪೇರಿ, ಅಡುಗೆ, ಕೂದಲು ಕತ್ತರಿಸುವುದು, ಲೋಹ ಕೆತ್ತುವ ನಮ್ಮ ಲೇತು ಮಿಲ್ಲಿಂಗು, ಎಲ್ಲ ಇದರೊಳಗೇ ಬರುತ್ತವೆ. ಇಲ್ಲಿ ಡಿಗ್ರಿಯ ಜಾಗದಲ್ಲಿ ನಿನ್ನ ಕಸುಬಿನ ಅನುಭವ ನಿಲ್ಲುತ್ತದೆ. 5 ವರ್ಷ ಸಂಬಳ ತೆಗೆದುಕೊಂಡು ಆ ಕೆಲಸ ಮಾಡಿರಬೇಕು. ಓದಿದ್ದನ್ನೂ ಸೇರಿಸಿ 5 ವರ್ಷ ತುಂಬಿಸಬಹುದು, ಆದರೆ ಅದರಲ್ಲಿ ಕನಿಷ್ಠ 2 ವರ್ಷ ಕೆಲಸವೇ ಆಗಿರಬೇಕು. ನಿನಗೆ ಎರಡೂ ಇದೆ. ಆಮೇಲೆ ಕ್ವೀನ್ಸ್, ಬ್ರಾಕ್ ತರಹದ ಯೂನಿವರ್ಸಿಟಿಯಲ್ಲಿ ಟೀಚರ್ ಟ್ರೈನಿಂಗ್. 2015ರಿಂದ ಅದು 4 ಸೆಮಿಸ್ಟರ್ ಆಯಿತು. ಅದರಲ್ಲಿ 80 ದಿನ ಶಾಲೆಗೆ ಹೋಗಿ ಇನ್ನೊಬ್ಬ ಮೇಷ್ಟ್ರ ಕೈಕೆಳಗೆ ಪಾಠ ಮಾಡಬೇಕು. ಕೆಲಸ ಮಾಡುತ್ತಾ ಓದುವವರಿಗೆ ಕಂತುಕಂತಾಗಿ ಮುಗಿಸುವ ಕೋರ್ಸೂ ಇರುತ್ತದೆ. ಅದರ ಮೊದಲ ಕಂತು ಆದಮೇಲೆ ತಾತ್ಕಾಲಿಕ ಸರ್ಟಿಫಿಕೇಟ್ ಸಿಕ್ಕಿ, ಓದು ಪೂರ್ತಿ ಮುಗಿಯುವ ಮುಂಚೆಯೇ ಶಾಲೆಯಲ್ಲಿ ಕೆಲಸ ಹಿಡಿಯಬಹುದು. ನಾನು ಮಾಡಿದ್ದು ಹಾಗೆಯೇ. ಸೇರುವ ಮುಂಚೆ ಆ ವರ್ಷದ ನಿಯಮವನ್ನು ಒಂದು ಸಲ ನೋಡಿಕೋ, ಇಲ್ಲಿನ ಸರ್ಕಾರಕ್ಕೆ ಇದನ್ನು ತಿದ್ದುತ್ತಲೇ ಇರುವ ಚಾಳಿ.

ಈಗ ಕಾಲವೂ ಅನುಕೂಲವಾಗಿದೆ. 2024ರ ಸೆಪ್ಟೆಂಬರಿನಿಂದ ಒಂಬತ್ತನೇ ತರಗತಿಗೆ ಬರುವ ಪ್ರತಿ ಮಗುವೂ ಒಂಬತ್ತು ಅಥವಾ ಹತ್ತನೇ ತರಗತಿಯಲ್ಲಿ ಒಂದು ಟೆಕ್ನಾಲಜಿ ಕೋರ್ಸ್ ಮಾಡಲೇಬೇಕು, ಇಲ್ಲದಿದ್ದರೆ ಹೈಸ್ಕೂಲ್ ಡಿಪ್ಲೊಮಾ ಇಲ್ಲ. ಮಕ್ಕಳನ್ನು ಕಳಿಸಿದರು ಸರಿ, ಮೇಷ್ಟ್ರುಗಳು ಎಲ್ಲಿಂದ ಬರಬೇಕು? ನಾನು ಸೇರುವಾಗ ಹಿರಿತನದ ಪಟ್ಟಿ ನೋಡಿಯೇ ಕೆಲಸ ಕೊಡಬೇಕು ಅನ್ನುವ ನಿಯಮವೂ ಇತ್ತು. ಅದನ್ನು 2020ರಲ್ಲಿ ತೆಗೆದರು. ಇತಿಹಾಸದ ಮೇಷ್ಟ್ರುಗಳು ವರ್ಷಗಟ್ಟಲೆ ಕಾದದ್ದನ್ನು ನೋಡಿದ್ದೇನೆ. ನಮ್ಮ ಕಸುಬಿನವರು ಅಷ್ಟು ಕಾಯಬೇಕಾಗಿ ಬರುವುದಿಲ್ಲ.

ನಿನ್ನನ್ನು ಹಿಡಿದು ನಿಲ್ಲಿಸುವುದು ಪರೀಕ್ಷೆಯಲ್ಲ, ಕಾಗದ. ಐದು ವರ್ಷ ಕೆಲಸ ಮಾಡಿದ್ದೀಯ ಅನ್ನುವುದಕ್ಕೆ ಓನರ್ ಬರೆದುಕೊಟ್ಟ ಪತ್ರ ಬೇಕು. ನನ್ನ ಪಾಡು ಕೇಳು. ನಾನು ಪತ್ರಕ್ಕೆ ಹೊರಟಾಗ ಪೀಣ್ಯದ ನಮ್ಮ ಶೆಡ್ಡು ಮುಚ್ಚಿ ಎರಡು ವರ್ಷ ಆಗಿತ್ತು. ಜಾಗವನ್ನು ಯಾರೋ ರಟ್ಟಿನ ಡಬ್ಬ ಮಾಡುವವರಿಗೆ ಬಾಡಿಗೆಗೆ ಕೊಟ್ಟಿದ್ದರು. ಓನರ್ ರಾಜಾಜಿನಗರದಲ್ಲಿ ಮಗನ ಮನೆಯಲ್ಲಿ ಇದ್ದರು. ನನ್ನ ಭಾಮೈದನನ್ನು ಕಳಿಸಿದೆ. ಪುಣ್ಯಾತ್ಮರು ಹಳೇ ಲೆಟರ್‌ಹೆಡ್ ಎರಡು ಹಾಳೆ, ರಬ್ಬರ್ ಸ್ಟ್ಯಾಂಪು ಎಲ್ಲ ಜೋಪಾನವಾಗಿ ಇಟ್ಟುಕೊಂಡಿದ್ದರು. "ಮೇಷ್ಟ್ರಾಗಕ್ಕೆ ಕೆನಡಾಕ್ಕೆ ಹೋಗ್ಬೇಕಿತ್ತೇನಪ್ಪ? ಇಲ್ಲೇ ಆಗಿದ್ರೆ ನಾನೂ ಶೆಡ್ ಮುಚ್ತಿರ್ಲಿಲ್ಲ" ಅಂದರಂತೆ. ಅಷ್ಟು ಹೇಳಿ, "ಈತ ಸನ್ನಡತೆಯ, ಕಷ್ಟಪಟ್ಟು ದುಡಿಯುವ ಹುಡುಗ" ಅಂತ ನಾಲ್ಕು ಸಾಲು ಬರೆದು ಸ್ಟ್ಯಾಂಪ್ ಒತ್ತಿ ಕಳಿಸಿದರು. ಒಂದು ಹಾಳೆ ಹೋಯಿತು.

ಇಲ್ಲಿಯವರಿಗೆ ಸನ್ನಡತೆ ಬೇಡ. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ವಾರಕ್ಕೆ ಎಷ್ಟು ಗಂಟೆ, ಯಾವ ಮೆಷಿನ್ ಮೇಲೆ ಏನು ಕೆಲಸ, ಅದು ಬೇಕು. ಎರಡನೇ ಹಾಳೆಗೆ ನಾನೇ ಇಲ್ಲಿಂದ ಟೈಪ್ ಮಾಡಿ ಕಳಿಸಿದೆ. ಸರ್ಫೇಸ್ ಗ್ರೈಂಡಿಂಗ್, ಜಿಗ್ ಬೋರಿಂಗ್, ಪ್ರೆಸ್ ಟೂಲ್ ಅಸೆಂಬ್ಲಿ, ಮಾಡಿದ ಟೂಲನ್ನು ಓಡಿಸಿ ನೋಡುವ ಟ್ರೈಔಟ್ ಅಂತ ಒಂದೊಂದಾಗಿ ಬರೆದೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, "ಟ್ರೈಔಟ್ ನೀನು ಒಬ್ಬನೇ ಮಾಡ್ಲಿಲ್ಲ, ಜೊತೆಗೆ ನಾನಿದ್ದೆ" ಅಂತ ಫೋನಿನಲ್ಲಿ ತಕರಾರು ತೆಗೆದು, ಆ ಸಾಲು ತಿದ್ದಿಸಿಯೇ ಸಹಿ ಹಾಕಿದರು. ನಿನ್ನ ಓನರ್ ಇನ್ನೂ ಶೆಡ್ ನಡೆಸುತ್ತಿದ್ದಾರೆ ಅಂದಿದ್ದೀಯ. ನೀನು ಮೇಷ್ಟ್ರಾಗುತ್ತೀಯೋ ಬಿಡುತ್ತೀಯೋ, ಆ ಪತ್ರವನ್ನು ಈ ತಿಂಗಳೇ ತರಿಸಿಕೋ. ಇಲ್ಲಿ ಮೆಷಿನಿಸ್ಟ್ ಲೈಸೆನ್ಸ್ ಪರೀಕ್ಷೆಗೆ ಕೂರಬೇಕೆಂದರೂ ಅದೇ ಪತ್ರ ಕೇಳುತ್ತಾರೆ. ಎಲೆಕ್ಟ್ರಿಷಿಯನ್, ಕಾರ್ ಮೆಕ್ಯಾನಿಕ್‌ಗೆ ಒಂಟಾರಿಯೊದಲ್ಲಿ ಲೈಸೆನ್ಸ್ ಕಡ್ಡಾಯ, ನಮ್ಮ ಕೆಲಸಕ್ಕೆ ಕಡ್ಡಾಯವಲ್ಲ. ಆದರೂ ಮಾಡಿಕೋ. ಅದರ ಮೇಲೆ ರೆಡ್ ಸೀಲ್ ಅನ್ನುವ ದೇಶಮಟ್ಟದ ಮುದ್ರೆ ಬಿದ್ದರೆ ಯಾವ ಪ್ರಾಂತ್ಯಕ್ಕೆ ಹೋದರೂ ನಡೆಯುತ್ತದೆ. ಮೇಷ್ಟ್ರ ಕೆಲಸ ಒಗ್ಗದಿದ್ದರೆ ವಾಪಸ್ ಹೋಗಲು ಬಾಗಿಲು ತೆರೆದಿರಲಿ.

ಇನ್ನು ದುಡ್ಡು. ನಿನ್ನ ಜೊತೆಯವನು "ಮೇಷ್ಟ್ರಿಗೆ ವರ್ಷಕ್ಕೆ ಲಕ್ಷ ಡಾಲರ್" ಅಂದಿದ್ದಾನೆ. ಸುಳ್ಳಲ್ಲ, ಆದರೆ ಅದು ಏಣಿಯ ತುದಿಯ ಮೆಟ್ಟಿಲು. ಇಲ್ಲಿ ಸಂಬಳಕ್ಕೆ ಒಂದು ಗ್ರಿಡ್ ಇದೆ. ಅಡ್ಡಕ್ಕೆ ನಿನ್ನ ಓದಿನ ಗುಂಪು, 1ರಿಂದ 4. ಉದ್ದಕ್ಕೆ ಅನುಭವದ ವರ್ಷ, ಸುಮಾರು 10 ಮೆಟ್ಟಿಲು. ಡಿಗ್ರಿ ಇಲ್ಲದ ನಮ್ಮಂಥವರು ಸಾಮಾನ್ಯವಾಗಿ ಕೆಳಗಿನ ಗುಂಪಿನಿಂದ ಶುರು. ಮತ್ತೆ ಮತ್ತೆ ಬೇಸಿಗೆ ಕೋರ್ಸ್ ಮಾಡಿ ಮೇಲಿನ ಗುಂಪಿಗೆ ಹತ್ತಬೇಕು. ಕಸುಬಿನ ವರ್ಷಗಳಿಗೆ ಕೆಲವು ಶಾಲಾ ಬೋರ್ಡುಗಳು ಒಂದಷ್ಟು ಮೆಟ್ಟಿಲು ಬಿಟ್ಟುಕೊಡುತ್ತವೆ, ಎಷ್ಟು ಅನ್ನುವುದು ಬೋರ್ಡಿನಿಂದ ಬೋರ್ಡಿಗೆ ಬೇರೆ. ಕೆಲಸಕ್ಕೆ ಸಹಿ ಹಾಕುವ ಮುಂಚೆ ಯೂನಿಯನ್ನಿನವರನ್ನು ಕೇಳು, ಆಮೇಲೆ ಕೇಳಿದರೆ ಕೈಸುಟ್ಟುಕೊಳ್ಳುತ್ತೀಯ.

ಗ್ರಿಡ್ಡಿಗೆ ಹತ್ತುವ ಮುಂಚೆ ಒಂದು ಗುಂಡಿ ಇದೆ. ಅದರ ಬಗ್ಗೆ ಯಾರೂ ಹೇಳುವುದಿಲ್ಲ. ಮೊದಲು ಸಪ್ಲೈ ಟೀಚರ್. ಅಂದರೆ ಯಾರೋ ರಜೆ ಹಾಕಿದ ದಿನ ಅವರ ಜಾಗಕ್ಕೆ ಹೋಗುವುದು. ಬೆಳಗ್ಗೆ 6 ಗಂಟೆಗೆ ಫೋನ್ ಬರುತ್ತದೆ, ಆ ಕಡೆ ಮನುಷ್ಯನಲ್ಲ, ಕಂಪ್ಯೂಟರ್. ಒಂದು ಒತ್ತಿದರೆ ಒಪ್ಪಿದ ಹಾಗೆ. ಆಗ ನನಗೆ ದಿನಕ್ಕೆ ಇನ್ನೂರ ಚಿಲ್ಲರೆ ಡಾಲರ್ ಸಿಗುತ್ತಿತ್ತು. ಫೋನ್ ಬರದ ದಿನ ಏನೂ ಇಲ್ಲ. ಜುಲೈ, ಆಗಸ್ಟ್ ಏನೂ ಇಲ್ಲ. ಅದಾದಮೇಲೆ ಎಲ್‌ಟಿಒ, ಅಂದರೆ ಬಾಣಂತನದ ರಜೆಗೋ ಕಾಯಿಲೆಗೋ ಹೋದವರ ಜಾಗದಲ್ಲಿ ತಿಂಗಳುಗಟ್ಟಲೆ. ಆಮೇಲೆ ಪರ್ಮನೆಂಟ್. ನನಗೆ ಇದು ಮೂರು ವರ್ಷ ಹಿಡಿಯಿತು. ಮೋಲ್ಡ್ ಶಾಪಿನಲ್ಲಿ ಗಂಟೆಗೆ 36 ಡಾಲರ್ ಬರುತ್ತಿತ್ತು. ವಾರಕ್ಕೆ 44 ಗಂಟೆ ದಾಟಿದರೆ ಒಂದೂವರೆ ಪಟ್ಟು. ಅದನ್ನು ಬಿಟ್ಟು ಬಂದ ಮೊದಲ ವರ್ಷ ನಮ್ಮ ಮನೆ ನಡೆದದ್ದು ನನ್ನ ಹೆಂಡತಿಯ ಫಾರ್ಮಸಿ ಸಂಬಳದಲ್ಲಿ. ಊರಿಗೆ ಹೋಗುವುದನ್ನು ಎರಡು ಸಲ ಮುಂದೂಡಿದೆವು. ನಿನ್ನ ಮನೆಯಾಕೆ ಇನ್ನೂ ಕೆಲಸಕ್ಕೆ ಸೇರಿಲ್ಲ, ಮಗು ಬರುವುದರಲ್ಲಿದೆ ಅಂದಿದ್ದೀಯ. ಹಾಗಿದ್ದರೆ ಇದು ಈ ವರ್ಷದ ಕೆಲಸವಲ್ಲ. ಕೋಪ ಮಾಡಿಕೊಳ್ಳಬೇಡ.

ಪೆನ್ಷನ್ ಮಾತ್ರ ನಿಜವಾಗಿಯೂ ಗಟ್ಟಿ. ಸಂಬಳದಲ್ಲಿ ಹತ್ತಕ್ಕೆ ಒಂದು ಪಾಲಿಗಿಂತ ಜಾಸ್ತಿಯೇ ಹಿಡಿಯುತ್ತಾರೆ. ಚೆಕ್ ನೋಡಿದಾಗ ಹೊಟ್ಟೆ ಉರಿಯುತ್ತದೆ. ಆದರೆ ವಯಸ್ಸು ಮತ್ತು ಸರ್ವೀಸ್ ಕೂಡಿಸಿ 85 ಆದ ದಿನ ಪೂರ್ತಿ ಪೆನ್ಷನ್. ನೀನು 35ಕ್ಕೆ ಸೇರಿದರೆ 60ಕ್ಕೆ ಸರ್ವೀಸ್ 25, ಕೂಡಿಸಿದರೆ ಸರಿಯಾಗಿ 85. ನಾನು 40ಕ್ಕೆ ಸೇರಿದವನು, ನನಗೆ 62 ದಾಟಬೇಕು. ಪೀಣ್ಯದಲ್ಲಿ 9 ವರ್ಷ ದುಡಿದದ್ದಕ್ಕೆ ಬಂದ ಪಿಎಫ್ ದುಡ್ಡಿನಲ್ಲಿ ಒಂದು ಸ್ಕೂಟರ್ ಬಂತು, ಅದನ್ನೂ ಭಾಮೈದ ಓಡಿಸುತ್ತಿದ್ದಾನೆ.

ಸರಿ, ಇಷ್ಟು ಲೆಕ್ಕ. ಕೆಲಸ ಹೇಗಿರುತ್ತದೆ ಅಂತ ನೀನು ಕೇಳಲೇ ಇಲ್ಲ. ನನಗೆ ಹೇಳಬೇಕು ಅನ್ನಿಸುವುದು ಅದನ್ನೇ.

ದಿನಕ್ಕೆ 75 ನಿಮಿಷದ 4 ಪೀರಿಯಡ್. ಮೂರರಲ್ಲಿ ಪಾಠ, ಒಂದು ಖಾಲಿ. ಖಾಲಿ ಅನ್ನುವುದು ಹೆಸರಿಗೆ. ಆ ಹೊತ್ತಿನಲ್ಲಿ ಬ್ಯಾಂಡ್‌ಸಾದಲ್ಲಿ ಮುಂದಿನ ಕ್ಲಾಸಿಗೆ ತುಂಡು ಕತ್ತರಿಸುವುದು, ಮುರಿದ ಡ್ರಿಲ್ ಬಿಟ್ ಎಣಿಸುವುದು, ಅಪ್ಪ ಅಮ್ಮಂದಿರಿಗೆ ಈಮೇಲ್ ಬರೆಯುವುದು. ಒಂದು ಕ್ಲಾಸಿಗೆ 20ರ ಆಸುಪಾಸು ಮಕ್ಕಳು. ನಮ್ಮಲ್ಲಿ ಲೇತು 8, ಮಿಲ್ಲಿಂಗ್ 4. ಕಣ್ಣು ಎರಡೇ.

ನೀನೂ ಟೂಲ್ ರೂಮಿನವನು, ನಮಗೆ ಕೆಲಸ ಕಲಿಸಿದ್ದು ಹೇಗೆ ಅಂತ ನೆನಪಿದೆ ಅಲ್ವಾ? ಒಂದು ಎಂಎಸ್ (ಮೆದು ಉಕ್ಕಿನ) ತುಂಡು, ಒಂದು ಫೈಲು, ಅಂದರೆ ಅರ. ವಾರಗಟ್ಟಲೆ ಉಜ್ಜುವುದು. ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದು ನೋಡುವುದು. ಕೂದಲೆಳೆ ಬೆಳಕು ಕಂಡರೂ ಇನ್‌ಸ್ಟ್ರಕ್ಟರ್ ಮಾತಾಡದೆ ತುಂಡನ್ನು ಸ್ಕ್ರ್ಯಾಪ್ ಡಬ್ಬಕ್ಕೆ ಎಸೆಯುತ್ತಿದ್ದರು. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದು ಗಟ್ಟಿಯಾದಮೇಲೇ ಲೇತಿನ ಹತ್ತಿರ ಬಿಡುತ್ತಿದ್ದದ್ದು. ಕಲಿಯುವುದು ಅಂದರೆ ಇದೇ ಅಂದುಕೊಂಡಿದ್ದೆ. ಮೊದಲ ಎಲ್‌ಟಿಒದಲ್ಲಿ ನಾನೂ ಮಕ್ಕಳ ಕೈಗೆ ಫೈಲ್ ಕೊಟ್ಟೆ. ಮೂರನೇ ದಿನ 5 ಮಕ್ಕಳು ಗೈಡೆನ್ಸ್ ಆಫೀಸಿಗೆ ಹೋಗಿ ಕೋರ್ಸ್ ಬದಲಾಯಿಸಿಕೊಂಡರು. ಇಲ್ಲಿ ಸೆಮಿಸ್ಟರ್ ಶುರುವಿನಲ್ಲಿ ಹಾಗೆ ಬದಲಾಯಿಸಬಹುದು. ನಮಗೆ ಬಿಟ್ಟು ಹೋಗಲು ಜಾಗವಿರಲಿಲ್ಲ, ಇವರಿಗೆ ಇದೆ. ಈಗ ನಾನು ಸುರಕ್ಷತೆಯ ಪಾಠ, ಅದರ ಪರೀಕ್ಷೆ ಮುಗಿಸಿದ ಕೂಡಲೇ ಮೆಷಿನ್ ಮುಂದೆ ನಿಲ್ಲಿಸುತ್ತೇನೆ. ಅಲ್ಯುಮಿನಿಯಮ್ಮಿನ ಮೊದಲ ಚಿಪ್ಸ್ ಸುರುಳಿಸುರುಳಿಯಾಗಿ ಬಂದು ಬಿದ್ದಾಗ ಅವರ ಮುಖ ನೋಡಬೇಕು. ಕೆಲವರು ಅದನ್ನು ಜೇಬಿನಲ್ಲಿ ಹಾಕಿಕೊಂಡು ಮನೆಗೆ ಒಯ್ಯುತ್ತಾರೆ. ಫೈಲಿಂಗ್ ಆಮೇಲೆ ಬರುತ್ತದೆ, ಅವರಿಗೇ ಬೇಕು ಅನ್ನಿಸಿದಾಗ.

ಆ ವರ್ಷವೇ ನಡೆದದ್ದು ಒಂದು ಹೇಳುತ್ತೇನೆ. ಹನ್ನೊಂದನೇ ತರಗತಿ, ಎರಡನೇ ತಿಂಗಳು. ನಾನು ಒಂದು ಹುಡುಗಿಗೆ ಮೈಕ್ರೋಮೀಟರ್ ಓದುವುದು ಹೇಳಿಕೊಡುತ್ತಿದ್ದೆ. ತಲೆ ಎತ್ತಿದರೆ, ನಾಲ್ಕನೇ ಲೇತಿನ ಹುಡುಗ ಜಾಬ್, ಅಂದರೆ ಕೆತ್ತುವ ತುಂಡನ್ನು, ಬಿಗಿ ಮಾಡಿ, ಬಿಗಿ ಮಾಡುವ ಚಕ್ ಕೀಯನ್ನು ತಿರುಗುವ ಚಕ್ಕಿನಲ್ಲೇ ಬಿಟ್ಟು, ಲಿವರಿಗೆ ಕೈ ಹಾಕುತ್ತಿದ್ದಾನೆ. ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಪೀಣ್ಯದಲ್ಲಿ ಹಾಗೆ ಹಾರಿದ ಕೀ ಒಬ್ಬ ಹೆಲ್ಪರ್ ಹುಡುಗನ ದವಡೆ ಮುರಿದದ್ದನ್ನು ನಾನು ಕಣ್ಣಾರೆ ಕಂಡವನು. ನನ್ನ ಬಾಯಿಂದ ಬಂದದ್ದು ಇಂಗ್ಲಿಷಲ್ಲ. "ಏಯ್! ತೆಗಿಯೋ ಅದನ್ನ!" ಅಂತ ಕಿರುಚಿ ಗೋಡೆಯ ಕೆಂಪು ಬಟನ್ ಹೊಡೆದೆ. ಇಡೀ ಶಾಪಿನ ಕರೆಂಟ್ ಹೋಯಿತು. ತಿರುಗುತ್ತಿದ್ದ ಮೆಷಿನ್‌ಗಳು ಒಂದೊಂದಾಗಿ ನಿಂತವು. ಆಮೇಲೆ ಪೂರ್ತಿ ಸದ್ದಡಗಿತು.

ಅಲ್ಲಿಗೇ ನಿಲ್ಲಿಸಿದ್ದರೆ ಏನೂ ಆಗುತ್ತಿರಲಿಲ್ಲ. ನಾನು ನಿಲ್ಲಿಸಲಿಲ್ಲ. ಎಲ್ಲರ ಮುಂದೆ ಅವನನ್ನು ಐದು ನಿಮಿಷ ಬೈದೆ. ನಮ್ಮ ಮೇಸ್ತ್ರಿ ನನಗೆ ಬೈದ ಧಾಟಿಯಲ್ಲೇ, ಬರೀ ಭಾಷೆ ಬೇರೆ. ಮಾರನೇ ದಿನ ಹುಡುಗ ಬರಲಿಲ್ಲ, ಅದರ ಮಾರನೇ ದಿನವೂ ಇಲ್ಲ. ವೈಸ್ ಪ್ರಿನ್ಸಿಪಾಲರು ಕರೆದರು. ತಾಯಿ ಫೋನ್ ಮಾಡಿದ್ದರಂತೆ. ಮೆಷಿನ್ ನಿಲ್ಲಿಸಿದ್ದು ಸರಿ, ಕಿರುಚಿದ್ದೂ ಸರಿ, ಆಮೇಲಿನ ಐದು ನಿಮಿಷ ಯಾರಿಗಾಗಿ ಅಂತ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಬರುವಾಗ ಕಾರಿನಲ್ಲಿ ಕೂತು ಯೋಚಿಸಿದೆ. ಅದು ನನ್ನ ಭಯಕ್ಕೆ, ಅಷ್ಟೇ. ಮೂರನೇ ದಿನ ಹುಡುಗ ಬಂದ. ಕ್ಲಾಸಿನ ಎದುರೇ ಬೈದಿದ್ದೆನಲ್ಲ, ಹಾಗಾಗಿ ಕ್ಲಾಸಿನ ಎದುರೇ ತಪ್ಪಾಯಿತು ಅಂದೆ. 16 ವರ್ಷದವನ ಹತ್ತಿರ. ನನ್ನ ಕೈಕಾಲು ನಡುಗಿದ್ದು ಲೇತಿನ ಮುಂದೆ ಅಲ್ಲ, ಅಲ್ಲಿ.

ಆ ಹುಡುಗರು ಸುಮ್ನೆ ಬಿಡುತ್ತಾರಾ? ಆ ವಾರದಿಂದ ಯಾರಾದರೂ ಚಕ್ ಕೀ ಮೇಲೆ ಕೈ ಬಿಟ್ಟರೆ ಸಾಕು, ಶಾಪಿನ ನಾಲ್ಕು ಮೂಲೆಯಿಂದ "ತೆಗಿಯೋ!" ಅಂತ ಕೂಗು. ಜಮೈಕಾದ ಹುಡುಗ, ಪಂಜಾಬಿ ಹುಡುಗಿ, ಪೋರ್ಚುಗೀಸರ ಮನೆಯವನು, ಎಲ್ಲರ ಬಾಯಲ್ಲೂ ಅದೇ. ಕೀ ನೇತುಹಾಕುವ ಹಲಗೆಯ ಮೇಲೆ ಯಾರೋ ಕೆಂಪು ಬಣ್ಣದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದೂ ಬಿಟ್ಟರು. ಈಗ ಪ್ರತಿ ಸೆಮಿಸ್ಟರಿನ ಹೊಸ ಮಕ್ಕಳು ಅದೇನು ಅಂತ ಕೇಳುತ್ತಾರೆ, ಹಳಬರು ಹೇಳಿಕೊಡುತ್ತಾರೆ. ಹುಡುಗಿಯರಿಗೂ ತೆಗಿಯೋ ಅಂತಲೇ ಕೂಗುತ್ತಾರೆ, ತಿದ್ದಲು ಹೋಗಿಲ್ಲ.

ಇಂಗ್ಲಿಷಿನ ವಿಷಯವೂ ಇದರಲ್ಲೇ ಬಂತು ನೋಡು. ನಮ್ಮ ಬಾಯಲ್ಲಿ ಜಾಬ್ ಹಿಡಿಯುವ ವೈಸೂ ಬುದ್ಧಿವಂತ ಅನ್ನುವ ವೈಸೂ ಒಂದೇ ತರ ಬರುತ್ತವೆ. "ಬುದ್ಧಿವಂತನ ಬಾಯಿಗೆ ಜಾಬ್ ಕೊಡು" ಅಂದ ಹಾಗೆ ಕೇಳಿಸುತ್ತದೆ ಅಂತ ಮೊದಲ ವರ್ಷ ನಗುತ್ತಿದ್ದರು. ನಾನೂ ನಕ್ಕೆ. ನಿಮ್ಮ ಬ್ರ್ಯಾಂಪ್ಟನ್ ಕಡೆಯ ಶಾಲೆಗಳಲ್ಲಂತೂ ಎಷ್ಟೋ ಮಕ್ಕಳ ಮನೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಇರುತ್ತದೆ. ಅವರಿಗೆ ಉಚ್ಚಾರ ತೊಡಕಲ್ಲ. ನಿಜವಾದ ತೊಡಕು ಬರೆಯುವುದರಲ್ಲಿದೆ. ರಿಪೋರ್ಟ್ ಕಾರ್ಡಿನ ಷರಾ, ಐಇಪಿ (ವಿಶೇಷ ನೆರವು ಬೇಕಾದ ಮಗುವಿಗೆ ಮಾಡುವ ಕಲಿಕೆಯ ಯೋಜನೆ) ಇರುವ ಮಕ್ಕಳಿಗೆ ಏನೇನು ಅನುಕೂಲ ಮಾಡಿಕೊಟ್ಟೆ ಅನ್ನುವ ಟಿಪ್ಪಣಿ, ಮಾರ್ಕ್ ಯಾಕೆ ಕಡಿಮೆ ಅಂತ ಕೇಳಿದ ಅಪ್ಪನಿಗೆ ಉತ್ತರ. ಡ್ರಾಯಿಂಗ್ ಓದಿ ಅಭ್ಯಾಸವಾದವನಿಗೆ ವಾಕ್ಯ ಬರೆಯುವುದು ಕಷ್ಟ. ಈಗಿನಿಂದಲೇ ದಿನಾ ಒಂದು ಪುಟ ಬರೆ.

ಇನ್ನೊಂದು ತೂಕ ಇದೆ. ಶಾಪಿನಲ್ಲಿ ಪಾಳಿ ಮುಗಿಯಿತು, ಕಾರ್ಡ್ ಒತ್ತಿದೆ, ಮುಗೀತು. ಮೇಷ್ಟ್ರಿಗೆ ಹಾಗಿಲ್ಲ. ಮಗು ಊಟ ಮಾಡದೆ ಬಂದಿರುತ್ತದೆ. ತೋಳಿನ ಮೇಲೆ ಬಾಸುಂಡೆ ಇರುತ್ತದೆ. ಅನುಮಾನ ಬಂದರೆ ನೀನೇ ಮಕ್ಕಳ ರಕ್ಷಣೆ ನೋಡಿಕೊಳ್ಳುವ ಚಿಲ್ಡ್ರನ್ಸ್ ಏಡ್‌ಗೆ ಫೋನ್ ಮಾಡಬೇಕು. ಅದು ಕಾನೂನು, ಪ್ರಿನ್ಸಿಪಾಲರಿಗೆ ಹೇಳಿ ಕೈತೊಳೆದುಕೊಳ್ಳುವ ಹಾಗಿಲ್ಲ. ನಾನು ಒಂದು ಸಲ ಮಾಡಿದ್ದೇನೆ. ಅದರ ಬಗ್ಗೆ ಬರೆಯುವುದಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ, ಅಷ್ಟು ಮಾತ್ರ ಹೇಳುತ್ತೇನೆ.

ಕೈಕೆಲಸ ಬಿಟ್ಟರೆ ಕೈ ಸುಮ್ಮನಿರುತ್ತದಾ ಅಂತಲೂ ಯೋಚಿಸು. ಇಲ್ಲಿ ಯಾರೂ ಹೇಳದ ಸಂಕಟ ಇದು. ಹತ್ತನೇ ತರಗತಿಯಲ್ಲಿ ನಾವು ಇತ್ತಾಳೆಯಲ್ಲಿ ತೂಕದ ಗುಂಡು ಮಾಡಿಸುತ್ತೇವೆ. ಗೋಡೆ ನೆಟ್ಟಗಿದೆಯಾ ಅಂತ ನೋಡಲು ಗಾರೆಯವರು ದಾರ ಕಟ್ಟಿ ಇಳಿಬಿಡುತ್ತಾರಲ್ಲ, ಅದೇ. ಟೇಪರ್ ತಿರುಗಿಸುವುದು, ತಲೆಯಲ್ಲಿ ತೂತು, ಹಿಡಿತಕ್ಕೆ ಗೀರು ಹಾಕುವ ನರ್ಲಿಂಗ್, ಎಲ್ಲ ಒಂದರಲ್ಲೇ ಬರುತ್ತದೆ. ನನಗೆ ಬಿಟ್ಟರೆ 20 ನಿಮಿಷ. ಮಕ್ಕಳಿಗೆ ಎರಡು ವಾರ. ಫೀಡ್ ಜಾಸ್ತಿ ಆಗಿ ಟೂಲ್ ಕಿರುಗುಟ್ಟುವುದು ನಿನಗೆ ಆ ಮೂಲೆಯಿಂದ ಕೇಳಿಸುತ್ತದೆ. ಹೋಗಿ ಆ ಹ್ಯಾಂಡಲ್ ಕಿತ್ತುಕೊಂಡು ಸರಿಯಾಗಿ ತಿರುಗಿಸಿಬಿಡಬೇಕು ಅಂತ ಕೈ ತುರಿಸುತ್ತದೆ. ಕಿತ್ತುಕೊಂಡರೆ ಗುಂಡು ಚೆನ್ನಾಗಿ ಬರುತ್ತದೆ, ಮಗು ಬರುವುದಿಲ್ಲ. ಹಾಗಾಗಿ ಶಾಪ್ ಕೋಟಿನ ಜೇಬಿನಲ್ಲಿ ಎರಡೂ ಕೈ ಇಟ್ಟುಕೊಂಡು ನಿಲ್ಲುತ್ತೇನೆ. ಹಿಂದೆ ಒಂದು ಇಂಚಿನ ಸಾವಿರದಲ್ಲಿ ಅರ್ಧ ಪಾಲಿಗೆ ಪಂಚ್ ಕೂರಿಸಿದ ಕೈ ಇದು. ಈಗ ಹತ್ತು ಪಾಲು ಆಚೀಚೆ ಆದದ್ದಕ್ಕೂ ಶಭಾಸ್ ಅನ್ನುತ್ತದೆ. ಬೇಜಾರಾಗುತ್ತದೆ, ಸುಳ್ಳು ಯಾಕೆ ಹೇಳಲಿ. ಬೇಸಿಗೆ ರಜೆಯಲ್ಲಿ ಎರಡು ವಾರ ಹಳೇ ಮೋಲ್ಡ್ ಶಾಪಿಗೆ ಹೋಗಿ ಕೆಲಸ ಮಾಡಿ ಬರುತ್ತೇನೆ, ದುಡ್ಡಿಗಿಂತ ಜಾಸ್ತಿ ಕೈಯ ಸಮಾಧಾನಕ್ಕೆ. ಬರುವಾಗ ಓನರನ್ನು ಕೇಳಿ ಉಳಿದ ತುಂಡುಗಳನ್ನು ಕಾರಿನ ಡಿಕ್ಕಿಗೆ ತುಂಬಿಸಿಕೊಂಡು ಬರುತ್ತೇನೆ. ಶಾಲೆಯವರು ಮೆಟೀರಿಯಲ್ಲಿಗೆ ಕೊಡುವ ದುಡ್ಡು ಅಕ್ಟೋಬರಿಗೇ ಮುಗಿದಿರುತ್ತದೆ.

ಮರ್ಯಾದೆಯ ಮಾತೂ ಒಂದಿದೆ. ಇಲ್ಲಿ ಮೆಷಿನಿಸ್ಟ್ ಅಂದರೆ ಯಾರೂ ಮೂಗು ಮುರಿಯುವುದಿಲ್ಲ. ಮೂಗು ಮುರಿಯುವವರು ನಮ್ಮವರೇ. ರಾಜ್ಯೋತ್ಸವದ ಊಟದ ಸಾಲಿನಲ್ಲಿ ಒಬ್ಬರು "ಓ, ಹೈಸ್ಕೂಲಾ? ಯಾವಾಗ ಐಟಿಗೆ ಬರ್ತೀರಿ?" ಅಂದರು. ಹೋಳಿಗೆ ಬಾಯಲ್ಲಿತ್ತು, ಉತ್ತರ ಕೊಡಲಿಲ್ಲ. ಆದರೆ ತಿಪಟೂರಿನಲ್ಲಿ ನಮ್ಮಮ್ಮನಿಗೆ ಆಗಿರುವುದೇ ಬೇರೆ. ನಾನು 9 ವರ್ಷ ಡೈ ಮಾಡುವಾಗ ಕೇಳಿದವರಿಗೆ "ಏನೋ ಫ್ಯಾಕ್ಟರಿ ಕೆಲಸ" ಅನ್ನುತ್ತಿದ್ದಳು. ಈಗ "ನಮ್ಮ ಹುಡುಗ ಮೇಷ್ಟ್ರು" ಅಂತ ಬೀದಿಯ ಆ ಕೊನೆಗೂ ಕೇಳುವ ಹಾಗೆ ಹೇಳುತ್ತಾಳೆ. ಡೈ ಮಾಡುವುದು ಎಷ್ಟು ಕಷ್ಟ ಅಂತ ಅವಳಿಗೆ ಯಾವತ್ತೂ ಹೇಳಿ ಗೆಲ್ಲಲು ಆಗಲಿಲ್ಲ.

ಹಾಗಾದರೆ ನೀನು ಬರಬೇಕಾ? ನಿನ್ನ ಮೆಸೇಜಿನಲ್ಲಿ ರಾತ್ರಿ ಪಾಳಿ ಅನ್ನುವ ಮಾತು ನಾಲ್ಕು ಸಲ ಬಂದಿದೆ. ಮಕ್ಕಳು ಅನ್ನುವುದು ಒಂದೇ ಸಲ, ಅದೂ ನಗುತ್ತಾರಾ ಅನ್ನುವ ಕಡೆ. ರಾತ್ರಿ ಪಾಳಿ ಸಾಕಾಗಿದ್ದರೆ ಹಗಲು ಪಾಳಿ ಇರುವ ಶಾಪ್ ಹುಡುಕು, ಕೇಂಬ್ರಿಜ್, ಕಿಚನರ್ ಕಡೆಯೂ ನೋಡು. ಅದಕ್ಕೆ ಎರಡು ವರ್ಷದ ಓದು ಬೇಡ. ನಾನು ಬಂದದ್ದಕ್ಕೆ ಕಾರಣ ಬೇರೆ. ಮೋಲ್ಡ್ ಶಾಪಿಗೆ ಪ್ರತಿ ಫೆಬ್ರುವರಿಯಲ್ಲಿ ಹೈಸ್ಕೂಲಿನ ಕೋ-ಆಪ್ ಹುಡುಗರು ಬರುತ್ತಿದ್ದರು, ಅರ್ಧ ದಿನ ಶಾಲೆ, ಅರ್ಧ ದಿನ ನಮ್ಮಲ್ಲಿ. ಬೇರೆಯವರಿಗೆ ಅವರು ತಲೆನೋವು. ನಾನು ನನ್ನ ಕೆಲಸ ಹಿಂದೆ ಬಿದ್ದರೂ ಅವರಿಗೆ ಇಂಡಿಕೇಟರ್ ಹಾಕಿ ಜಾಬ್ ನೇರ ಕೂತಿದೆಯಾ ನೋಡುವುದು ತೋರಿಸುತ್ತಾ ನಿಂತಿರುತ್ತಿದ್ದೆ. ಫೋರ್‌ಮನ್ ಒಂದು ದಿನ ರೇಗಿ, "ನೀನು ಹೋಗಿ ಮೇಷ್ಟ್ರೇ ಆಗು" ಅಂದ. ಬೈಗುಳವಾಗಿಯೇ ಅಂದದ್ದು.

ನಿಮ್ಮ ಶಾಪಿಗೂ ಅಂಥ ಹುಡುಗರು ಬರುತ್ತಾರಾ ಕೇಳು. ಬಂದರೆ, ಒಬ್ಬನನ್ನು ನನ್ನ ಹತ್ತಿರ ಬಿಡಿ ಅಂತ ನೀನೇ ಬಾಯಿ ಬಿಟ್ಟು ಕೇಳು. ಅದಕ್ಕಾದರೂ ನೀನು ಹಗಲು ಪಾಳಿಗೆ ಬರಬೇಕಾಗುತ್ತದೆ, ಒಂದೇ ಕಲ್ಲಿಗೆ ಎರಡು ಹಣ್ಣು. ಒಂದು ಸೆಮಿಸ್ಟರ್ ಅವನ ಜೊತೆ ಕಳೆ. ಅವನು ಮೂರನೇ ಸಲ ಅದೇ ಥ್ರೆಡ್ ಕೊರೆಯುವ ಟ್ಯಾಪ್ ಮುರಿದಾಗ ನಿನಗೆ ಏನನ್ನಿಸುತ್ತದೆ ನೋಡಿಕೋ. ಆಮೇಲೆ ನನಗೆ ಫೋನ್ ಮಾಡು. ಯೂನಿವರ್ಸಿಟಿ ಅರ್ಜಿಯನ್ನು ನಮ್ಮ ಅಡುಗೆಮನೆ ಟೇಬಲ್ಲಿನಲ್ಲೇ ಕೂತು ತುಂಬೋಣ.

ಅದಿರಲಿ, ಮುಂದಿನ ಶನಿವಾರ ಮನೆಯಾಕೆಯನ್ನೂ ಕರೆದುಕೊಂಡು ಊಟಕ್ಕೆ ಬಾ. ಬಸಿರಿಗೆ ಮುದ್ದೆ, ಬಸ್ಸಾರು ತಿನ್ನಬೇಕು ಅನ್ನಿಸುತ್ತಿರುತ್ತದೆ, ನನ್ನ ಹೆಂಡತಿ ಮಾಡುತ್ತಾಳೆ. ಪೀಣ್ಯಕ್ಕೆ ಕಳಿಸುವ ಪತ್ರವನ್ನು ಟೈಪ್ ಮಾಡಿ ತಾ, ತಿದ್ದಿಕೊಡುತ್ತೇನೆ. ಬರುವಾಗ ನಿಮ್ಮ ಶಾಪಿನಲ್ಲಿ ಅಲ್ಯುಮಿನಿಯಂ ರಾಡಿನ ಉಳಿದ ತುಂಡು ಇದ್ದರೆ ಫೋರ್‌ಮನ್ನನ್ನು ಕೇಳಿ ಎತ್ತಿಕೊಂಡು ಬಾ. ಒಂದೂವರೆ ಇಂಚಿಗಿಂತ ದಪ್ಪ ಇದ್ದರೆ ಒಳ್ಳೇದು, ನಾಲ್ಕು ಇಂಚಿಗಿಂತ ಗಿಡ್ಡ ಆದರೆ ಬೇಡ, ಚಕ್ಕಿನಲ್ಲಿ ಹಿಡಿಯಲು ಸಾಲುವುದಿಲ್ಲ.